ಬಾಯಿ ಕಟ್ಟದ ಬಾಟಲಿ

ಬಾಟಲಿಗೆ ಬಿರಡೆ ಇರಲಿಲ್ಲ. ಬಾಯಿಯ ಮೇಲೆ ಕೆಂಪು ತಗಡಿನ ಹಾಳೆಯ ಟೋಪಿ, ಅದರ ನಡುವೆ ಅಕ್ಕಿಕಾಳು ತೂರುವಷ್ಟು ತೂತು. ತೂತಿನ ಅಂಚಿನಲ್ಲಿ ಒಂದು ಗುಳ್ಳೆ ಹುಟ್ಟಿ, ಒಡೆದು, ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತಿತ್ತು.

ಕಳೆದ ವಾರ ಇಂಗ್ಲೆಂಡಿನ ಸಾಲ್ಫರ್ಡ್‌ನ ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಒಂದು ಪಾತ್ರೆಯ ಮುಚ್ಚಳ ತೆಗೆದಳು. ಕಳಿತ ಬಾಳೆಹಣ್ಣು, ಹಸಿ ಹಿಟ್ಟು, ಮೂಗಿನೊಳಗೆ ಚುರ್ ಎನ್ನುವ ಸ್ವಲ್ಪ ಹುಳಿ. ಈ ವಾಸನೆ ನನಗೆ ದಿನವೂ ಇರುವುದೇ. ಆದರೂ ಆ ದಿನ ಯಾಕೋ ಆ ಗುಳ್ಳೆ ನೆನಪಾಯಿತು; ಅದರ ಹಿಂದೆಯೇ ಮೂರು ವರ್ಷದ ಹಿಂದಿನ ಆ ಶರತ್ಕಾಲ, ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿರುವ ವಿಸೆಂಬೂರ್ ಎಂಬ ಪುಟ್ಟ ಊರು, ಅಲ್ಲಿನ ಒಂದು ಭಾನುವಾರ.

ಆ ವರ್ಷ ನಾನು ಮನೆಗೆ ಒಂದು ಸುಳ್ಳು ಹೇಳುತ್ತಿದ್ದೆ. ಮ್ಯಾಂಚೆಸ್ಟರ್‌ನಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಮ್ಯಾಕಲ್ಸ್‌ಫೀಲ್ಡ್‌ನ ಒಂದು ಔಷಧ ಕಾರ್ಖಾನೆಯಲ್ಲಿ ಒಂದು ವರ್ಷದ ಗುತ್ತಿಗೆಯ ಕೆಲಸ ಮಾಡಿದ್ದೆ. ಅದು ಜೂನ್‌ನಲ್ಲಿ ಮುಗಿಯಿತು. ಓದಿನ ನಂತರದ ವೀಸಾ ಜನವರಿಯವರೆಗೆ ಮಾತ್ರ. ಅಷ್ಟರೊಳಗೆ ಯಾರಾದರೂ ಸ್ಪಾನ್ಸರ್ ಮಾಡದಿದ್ದರೆ ಊರಿಗೆ ಹೊರಡಬೇಕು. ಐವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ ಮೇಲೆ ಕೈಹಿಡಿದದ್ದು ಒಂದೇ ಒಂದು ಜಾಗ: ಹನ್ನೆರಡು ಜನ ಕೆಲಸ ಮಾಡುವ ಸಣ್ಣ ಲ್ಯಾಬು. ವೈನ್ ಮಾಡುವವರಿಗೆ ಬೇಕಾದ ಯೀಸ್ಟನ್ನು ಬೆಳೆಸುವುದು, ಪರೀಕ್ಷಿಸುವುದು ಅವರ ಕೆಲಸ. ಮೊದಲು ಮೂರು ತಿಂಗಳು ನೋಡುತ್ತೇವೆ, ಆಮೇಲೆ ಖಾಯಂ ಎಂದಿದ್ದರು.

ಮನೆಯಲ್ಲಿ ನಾನು ಹೇಳಿದ್ದು, “ಕಂಪನಿ ಬದಲಾಯಿತು, ಕೆಲಸ ಅದೇ” ಎಂದು.

“ಈಗ ಯಾವ ಔಷಧ?” ಎಂದು ಅಪ್ಪ ಕೇಳಿದ್ದರು.

“ಹೊಟ್ಟೆಗೆ ಸಂಬಂಧಿಸಿದ್ದು.”

ಯಾಕೆ ಹಾಗೆ ಹೇಳಿದೆ ಎಂದು ತಿಳಿಯಬೇಕಾದರೆ ಅಜ್ಜನ ವಿಷಯ ಹೇಳಬೇಕು. ನಮ್ಮದು ಉಡುಪಿಯ ಹತ್ತಿರದ ಊರು. ಅಜ್ಜ ಮೂರ್ತೆ ಮಾಡುತ್ತಿದ್ದರು, ಅಂದರೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುವ ಕೆಲಸ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಅವರ ಕಸುಬು ನನಗೆ ಗೊತ್ತಾದದ್ದೂ ಸೋದರತ್ತೆಯಿಂದ, ಅಪ್ಪನಿಂದಲ್ಲ. ಅಪ್ಪ ಕನ್ನಡ ಶಾಲೆಯ ಮೇಷ್ಟರು, ಆಮೇಲೆ ಹೆಡ್‌ಮಾಸ್ಟರು. ಮನೆಯಲ್ಲಿ ಕಳ್ಳು ಎಂಬ ಶಬ್ದ ಬರುತ್ತಿರಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು. ದೊಡ್ಡಪ್ಪನ ಮಗ ಸಂತೋಷಣ್ಣ ಹೆದ್ದಾರಿಯ ಬದಿಯಲ್ಲಿ ಬಾರ್ ತೆರೆದ ಮೇಲೆ ಅವನ ಹತ್ತಿರ ಮಾತು ಬಿಟ್ಟರು. ನಾನು ಹೈಸ್ಕೂಲಿನಲ್ಲಿದ್ದಾಗ ಬಿಟ್ಟದ್ದು ನಾನು ಇಂಗ್ಲೆಂಡಿಗೆ ಹೊರಡುವಾಗಲೂ ಹಾಗೇ ಇತ್ತು. ಅಜ್ಜನ ಕಸುಬಿನ ಬಗ್ಗೆ ಅಪ್ಪನಿಗೆ ನಾಚಿಕೆ ಎಂದೇ ನಾನು ತಿಳಿದಿದ್ದೆ. ಆ ಮನೆಯ ಮಗಳು ವೈನಿನ ಕೆಲಸಕ್ಕೆ ಸೇರಿದ್ದಾಳೆ ಎಂದು ಯಾವ ಬಾಯಿಯಿಂದ ಹೇಳುವುದು?

ಸಾಲ್ಫರ್ಡ್‌ನ ಫ್ಲ್ಯಾಟಿನಲ್ಲಿ ನನ್ನ ಜೊತೆ ರೇಣುಕಾ ಇದ್ದಳು, ಧಾರವಾಡದವಳು, ಪಿಎಚ್.ಡಿ. ಮಾಡುತ್ತಿದ್ದಳು. ಭಾನುವಾರ ಅಪ್ಪನ ಫೋನ್ ಮುಗಿಸಿ ನಾನು ಅಡುಗೆಮನೆಗೆ ಬಂದರೆ ಅವಳದು ಒಂದೇ ಪ್ರಶ್ನೆ.

“ಇವತ್ತರ ಹೇಳಿದೇನು ನಿಮ್ಮಪ್ಪಗ?”

“ಇಲ್ಲ.”

“ಇನ್ನೂ ಹೊಟ್ಟಿ ಔಷಧಾನ ನಡದೈತಿ?”

“ಹ್ಞೂಂ.”

“ಯವ್ವಾ, ಆ ಹೊಟ್ಟಿ ಯಾವಾಗ ಆರಾಮ ಆಗೂದು?”

ನಾನು ನಗುತ್ತಿರಲಿಲ್ಲ. ಅವಳಿಗೆ ಬೇಸರವೂ ಆಗುತ್ತಿರಲಿಲ್ಲ. ಒಂದು ಸಲ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನೋಡ, ಸುಳ್ಳಿಗೂ ಪಾಳಿ ಹಾಕೊಂಡು ಡ್ಯೂಟಿ ಮಾಡಾಕತ್ತೀದಿ. ನಿನಗ ದಣಿವಾಗೂದಿಲ್ಲೇನು?” ಎಂದಳು. ದಣಿವಾಗಿತ್ತು. ಮರುದಿನ ಅಪ್ಪನಿಗೆ ಏನು ಹೇಳಬೇಕೆಂದು ಶನಿವಾರ ಸಂಜೆಯಿಂದಲೇ ಜೋಡಿಸಿಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಖಾಯಂ ಕೆಲಸದ ಕರಾರುಪತ್ರ ಇಮೇಲಿನಲ್ಲಿ ಬಂತು. ಸ್ಪಾನ್ಸರ್ ಮಾಡುತ್ತೇವೆ, ಸೋಮವಾರ ಸಂಜೆಯೊಳಗೆ ಸಹಿ ಹಾಕಿ ಕಳಿಸಿ ಎಂದಿತ್ತು. ಮೊದಲ ಪುಟದಲ್ಲೇ ಹುದ್ದೆಯ ಹೆಸರಿನಲ್ಲಿ ವೈನ್ ಎಂಬ ಶಬ್ದ ಇತ್ತು. ನಾನು ಎರಡನೆಯ ಪುಟಕ್ಕೆ ಹೋಗಲಿಲ್ಲ. ಮೂರು ತಿಂಗಳ ಸುಳ್ಳನ್ನು ಹೇಗೋ ನುಂಗಬಹುದು. ಸಹಿ ಹಾಕಿದರೆ ಅದು ವರ್ಷಗಟ್ಟಲೆಯ ಸುಳ್ಳಾಗುತ್ತದೆ. ಹೇಳಿದರೆ ಸಂತೋಷಣ್ಣನಿಗೆ ಆದದ್ದೇ ನನಗೂ ಆಗುತ್ತದೆ. ಸಹಿ ಹಾಕದೆ ಊರಿಗೆ ಹೋಗುವುದೇ ಸರಿಯೇನೋ ಎಂಬಲ್ಲಿಗೆ ಮನಸ್ಸು ಬಂದು ನಿಂತಿತ್ತು. ಆ ವಾರವೇ ಜಾನೆಟ್ ಜೊತೆ ವಿಸೆಂಬೂರಿಗೆ ಹೊರಡಬೇಕಾಗಿತ್ತು.

ಜಾನೆಟ್ ನಮ್ಮ ಲ್ಯಾಬಿನ ಹಿರಿಯಳು, ಬೋಲ್ಟನ್‌ನವಳು, ಎಲ್ಲರನ್ನೂ ‘ಲವ್’ ಎಂದೇ ಕರೆಯುವವಳು. ನಾವಿಬ್ಬರೂ ಮ್ಯಾಂಚೆಸ್ಟರ್‌ನಿಂದ ಫ್ರಾಂಕ್‌ಫರ್ಟ್‌ಗೆ ಹಾರಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹೋದೆವು. ಅವಳು ಗಾಡಿ ಓಡಿಸಿದಳು, ನಾನು ಷೆಂಗೆನ್ ವೀಸಾ ಇದ್ದ ಪಾಸ್‌ಪೋರ್ಟನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿದೆ. ಜರ್ಮನಿಯ ಕೊನೆಯ ಹಳ್ಳಿ ದಾಟಿ, ದ್ರಾಕ್ಷಿತೋಟದ ನಡುವೆ ರಸ್ತೆ ಇಳಿಯುವಾಗ ಫೋನು ಮಿಡಿಯಿತು. ಫ್ರಾನ್ಸಿಗೆ ಸ್ವಾಗತ ಎಂಬ ಸಂದೇಶ.

“ಗಡಿ ಎಲ್ಲಿ?” ಎಂದು ಕೇಳಿದೆ.

“ಆಗಲೇ ಹೋಯ್ತಲ್ಲ, ಲವ್.”

ಹಿಂದಿರುಗಿ ನೋಡಿದರೆ ಬಾಗಿಲು ಹಾಕಿದ ಒಂದು ಸಣ್ಣ ತಪಾಸಣೆ ಚೌಕಿ, ಅದರ ಎರಡೂ ಬದಿಗೆ ಒಂದೇ ಥರದ ಬಳ್ಳಿಸಾಲು. ಆಚೆಯ ಜರ್ಮನ್ ಹಳ್ಳಿಯವರ ಎಷ್ಟೋ ತೋಟಗಳು ಈಚೆ ಫ್ರಾನ್ಸಿನ ಮಣ್ಣಿನಲ್ಲಿವೆ ಎಂದು ಜಾನೆಟ್ ಹೇಳಿದಳು. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ.

ಊರು ನಿಜಕ್ಕೂ ಚಿಕ್ಕದು. ಲೌಟರ್ ಎಂಬ ನದಿ ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಹರಿಯುತ್ತದೆ. ಮರದ ತೊಲೆಗಳು ಗೋಡೆಯ ಹೊರಗೇ ಕಾಣುವ ಹಳೆಯ ಮನೆಗಳು, ಕೆಂಪು ಕಲ್ಲಿನ ದೊಡ್ಡ ಇಗರ್ಜಿ, ಒಂದರ ಮೇಲೊಂದು ರೆಪ್ಪೆ ತೆರೆದ ಹಾಗಿರುವ ಕಿಂಡಿಗಳುಳ್ಳ ಹೆಂಚಿನ ಮಾಡಿನ ಒಂದು ಉಪ್ಪಿನ ಉಗ್ರಾಣ. ಬಿಸಿಲು ಇತ್ತು, ಆದರೆ ನೆರಳಿಗೆ ಬಂದ ಕೂಡಲೇ ಚಳಿ. ಇಡೀ ಊರಿಗೆ ಒಂದೇ ವಾಸನೆ. ಅಂಗಳದ ಬಾಗಿಲು ತೆರೆದ ಕಡೆಯಲ್ಲೆಲ್ಲ ಹಣ್ಣು ಹಿಂಡುವ ಯಂತ್ರ ನಡೆಯುತ್ತಿತ್ತು. ಹಿಂಡಿದ ಸಿಪ್ಪೆಯ ರಾಶಿಯ ಮೇಲೆ ಕಣಜದ ಹುಳಗಳು.

ನಾವು ಉಳಿದದ್ದು ಮದಾಮ್ ಹೆಲೆನ್ ಎಂಬವರ ಮನೆಯ ಮಾಳಿಗೆಯಲ್ಲಿ. ಅರವತ್ತು ದಾಟಿದ ಹೆಂಗಸು. ನಮ್ಮ ಯೀಸ್ಟನ್ನು ಆ ವರ್ಷ ಅವರ ಎರಡು ತೊಟ್ಟಿಗಳಲ್ಲಿ ಪರೀಕ್ಷೆಗೆ ಹಾಕಿದ್ದೆವು. ನಮ್ಮ ಹತ್ತಿರ ಫ್ರೆಂಚು, ಆಚೆ ಊರಿನ ವ್ಯಾಪಾರಿಯ ಹತ್ತಿರ ಜರ್ಮನ್, ನಾಯಿಯ ಹತ್ತಿರ ಮಾತ್ರ ತಮ್ಮ ಊರುಭಾಷೆ. ನಾನು ಅದನ್ನು ಕೂಡಲೇ ಗುರುತಿಸಿದೆ; ನಮ್ಮ ಮನೆಯಲ್ಲೂ ದನಕರುಗಳ ಹತ್ತಿರ ತುಳುವೇ. ಅವರ ಉಗ್ರಾಣದ ಗೋಡೆಯ ಮೇಲೆ ಐದು ತಲೆಮಾರಿನವರ ಪಟಗಳಿದ್ದವು, ಎಲ್ಲರ ಕೈಯಲ್ಲೂ ಕತ್ತರಿಯೋ ಬುಟ್ಟಿಯೋ. ನಿನ್ನ ಮನೆಯವರು ಏನು ಮಾಡುತ್ತಾರೆ ಎಂದು ಜಾನೆಟ್ ಮೂಲಕ ಕೇಳಿದರು. ಅಪ್ಪ ಮೇಷ್ಟರು ಎಂದೆ. ಅವರ ಅಪ್ಪ? ಕೃಷಿ ಎಂದೆ. ಅವರು ತಲೆಯಾಡಿಸಿ ಮುಂದಿನ ಪಟಕ್ಕೆ ಹೋದರು.

ಶುಕ್ರವಾರ, ಶನಿವಾರ ಎರಡೂ ದಿನ ತೊಟ್ಟಿಯಿಂದ ತೊಟ್ಟಿಗೆ ಏಣಿ ಹತ್ತಿ ಇಳಿದು ಮಾದರಿ ತೆಗೆದೆವು. ಭಾನುವಾರ ಮಧ್ಯಾಹ್ನ ಕೆಲಸ ಮುಗಿದಾಗ ಮದಾಮ್ ನನ್ನ ಕೈಗೆ ಆ ಕೆಂಪು ಟೋಪಿಯ ಬಾಟಲಿ ಕೊಟ್ಟರು. ಇನ್ನೂ ಹುಳಿಯುತ್ತಲೇ ಇರುವ ಹೊಸ ವೈನ್, ಐದು ದಿನದ್ದು. ಆ ಕಡೆಯವರು ವರ್ಷದಲ್ಲಿ ಕೆಲವೇ ವಾರ, ಈರುಳ್ಳಿ ಹಾಕಿ ಬೇಯಿಸಿದ ಹಿಟ್ಟಿನ ತಿಂಡಿಯ ಜೊತೆ ಕುಡಿಯುವಂಥದ್ದು. ಬಾಟಲಿಯನ್ನು ನೆಟ್ಟಗೆ ಹಿಡಿ ಎಂದು ಕೈಸನ್ನೆ ಮಾಡಿ ಇನ್ನೂ ಏನೇನೋ ಹೇಳಿದರು. ನಾನು ಅರ್ಥವಾದವಳ ಹಾಗೆ ತಲೆಯಾಡಿಸಿದೆ.

ಕೋಣೆಗೆ ಬಂದು ನಾನು ಮಾಡಿದ ಕೆಲಸ, ಯೀಸ್ಟಿನ ಬಗ್ಗೆ ಓದಿದವರು ಯಾರೂ ಮಾಡುವಂಥದ್ದಲ್ಲ. ಮರುದಿನ ಬೆಳಿಗ್ಗೆ ಹೊರಡುವಾಗ ಕಾರಿನಲ್ಲಿ ಚೆಲ್ಲೀತು ಎಂದು, ಟೋಪಿ ತೆಗೆದು, ಅದನ್ನು ನಮ್ಮ ಮಾದರಿಯ ಗಾಜಿನ ಬಾಟಲಿಗೆ ಸುರಿದು, ನೀಲಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ಚೀಟಿಯನ್ನೂ ಅಂಟಿಸಿದೆ. ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಬಾಯಿ ತೆರೆದ ಬಾಟಲಿ ಎಂದರೆ ಅಪರಾಧ. ಅಲ್ಲಿ ಕಲಿತ ಕೈ ತನ್ನಷ್ಟಕ್ಕೆ ತಾನೇ ಮುಚ್ಚಿತು. ತಲೆಯಲ್ಲಿ ನಾಳೆಯ ಸೋಮವಾರ ಇತ್ತು. ಬಾಟಲಿ ಕಿಟಕಿಯ ಬಿಸಿಲು ಬೀಳುವ ಮೇಜಿನ ಮೇಲೆಯೇ ಉಳಿಯಿತು.

ನಾಲ್ಕು ಗಂಟೆಗೆ ಅಪ್ಪನ ವೀಡಿಯೊ ಕರೆ ಬಂತು. ಊರಿನಲ್ಲಿ ಏಳೂವರೆ. ಎಂದಿನಂತೆ ಫೋನು ಅಮ್ಮನ ಕೈಯಲ್ಲಿ, ಅಪ್ಪ ಅದರ ಎದುರು ನೆಟ್ಟಗೆ ಕೂತಿದ್ದರು. ಮನೆಯಲ್ಲಿ ನಾವು ತುಳು ಮಾತಾಡುವವರಾದರೂ ಫೋನಿನಲ್ಲಿ ಅಪ್ಪನದು ಕನ್ನಡ. ಶಾಲೆಯಿಂದ ಬಂದ ಅಭ್ಯಾಸ.

“ಎಲ್ಲಿದ್ದಿ? ಇದು ನಿನ್ನ ರೂಮಲ್ಲ.”

“ಕೆಲಸದ ಮೇಲೆ ಫ್ರಾನ್ಸಿಗೆ ಬಂದಿದ್ದೇನೆ ಅಪ್ಪ.”

“ಭಾನುವಾರವೂ ಕೆಲಸವಾ?”

“ಇವತ್ತೊಂದು ದಿನ.”

ಅಪ್ಪ ಏನೋ ಕೇಳಲು ಹೊರಟು ನಿಂತರು. ಕಣ್ಣು ಸಣ್ಣದು ಮಾಡಿ ನನ್ನ ಭುಜದ ಹಿಂದೆ ನೋಡಿದರು. “ಹಿಂದೆ ಮೇಜಿನ ಮೇಲೆ ಅದೆಂತ?”

“ಸ್ಯಾಂಪಲ್.”

“ಹತ್ತಿರ ಹೋಗಿ ತೋರಿಸು. ಎತ್ತಬೇಡ.”

ಫೋನನ್ನು ತಿರುಗಿಸಿದೆ. ಬಾಟಲಿಯ ಮೇಲ್ಭಾಗದಲ್ಲಿ ಬೆರಳಗಲ ನೊರೆ ನಿಂತಿತ್ತು, ಕೆಳಗಿನಿಂದ ಸಾಲುಸಾಲಾಗಿ ಗುಳ್ಳೆಗಳು ಏರುತ್ತಿದ್ದವು.

“ಐತ ಬಾಯಿ ಕಟ್ಟೊಡ್ಚಿ,” ಎಂದರು ಅಪ್ಪ. ತುಳುವಿನಲ್ಲಿ. ಅದರ ಬಾಯಿ ಕಟ್ಟಬಾರದು ಎಂದು. ಅದು ನನಗೆ ಗೊತ್ತಿದ್ದ ಹೆಡ್‌ಮಾಸ್ಟರರ ಧ್ವನಿಯಾಗಿರಲಿಲ್ಲ.

“ಒಳಗೆ ಗಾಳಿ ತುಂಬಿ ಒಡೀತದೆ ಮಗಾ. ಟವೆಲ್ ಉಂಟಾ? ದಪ್ಪದ್ದು. ಒದ್ದೆ ಮಾಡಿ ಸುತ್ತು. ಮುಖ ಆಚೆ ಮಾಡು. ಈಗ ಮುಚ್ಚಳ ಸ್ವಲ್ಪ ತಿರುಗಿಸು. ಸ್ವಲ್ಪ ಅಂದೆ. ನಿಲ್ಲು. ಸದ್ದು ಕೇಳ್ತದಾ?”

ಬಾಟಲಿ ಉಸಿರು ಬಿಡುತ್ತಿತ್ತು.

“ಅದು ನಿಲ್ಲುವವರೆಗೆ ಕಾಯಿ. ಇನ್ನೊಂಚೂರು. ಹ್ಞಾಂ. ಈಗ ಪೂರ್ತಿ ತೆಗಿ.”

ನೊರೆ ಉಕ್ಕಿ ನನ್ನ ಮಣಿಕಟ್ಟಿನವರೆಗೆ ಇಳಿಯಿತು. ಅಷ್ಟೇ ಆದದ್ದು. ಟವೆಲಿನಿಂದ ಮೇಜು ಒರೆಸಿ ಫೋನಿನ ಎದುರು ಕೂತೆ.

“ದ್ರಾಕ್ಷಿಯದ್ದಾ?” ಅಪ್ಪ ಕೇಳಿದರು.

“ಹೌದು.”

“ಎಷ್ಟು ದಿನದ್ದು?”

“ಐದು ದಿನ ಅಂದರು.”

“ಬಣ್ಣ ನೋಡಿದರೆ ನಾಲ್ಕು.”

ಆಗ ಹೇಳಿದೆ. ಒಂದೇ ಉಸಿರಿಗೆ, ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವವಳ ಹಾಗೆ: ಕಂಪನಿ ಔಷಧದ್ದಲ್ಲ, ಜುಲೈಯಿಂದ ಇದೇ ಕೆಲಸ, ಖಾಯಂ ಮಾಡುತ್ತಾರೆ, ನಾಳೆ ಕೊನೆಯ ದಿನ, ನೀವು ಬೇಡ ಎಂದರೆ ಸಹಿ ಹಾಕುವುದಿಲ್ಲ.

ಪರದೆಯ ಹಿಂದಿನಿಂದ ಅಮ್ಮನ ಧ್ವನಿ ಬಂತು. “ಹೊಟ್ಟೆಯ ಔಷಧ ಅಂದದ್ದು?”

“ಹೊಟ್ಟೆಗೇ ಅಲ್ವಾ ಹೋಗುವುದು ಅಮ್ಮ.”

ಅಮ್ಮ ನಕ್ಕಳು, ಪರದೆ ಅಲುಗಾಡಿತು. ಅಪ್ಪ ನಗಲಿಲ್ಲ.

“ಮೂರು ತಿಂಗಳು ಸುಳ್ಳು ಹೇಳಿದಿ.”

“ಹ್ಞೂಂ.”

“ಯಾಕೆ?”

“ಸಂತೋಷಣ್ಣನ ಹತ್ತಿರ ಮಾತು ಬಿಟ್ಟಿರಲ್ಲ.”

“ಅವನ ಹತ್ತಿರ ಮಾತು ಬಿಟ್ಟದ್ದು ಬಾರ್ ತೆರೆದದ್ದಕ್ಕೆ ಅಂತ ಯಾರು ಹೇಳಿದ್ದು ನಿನಗೆ?”

ಯಾರೂ ಹೇಳಿರಲಿಲ್ಲ. ನಾನೇ ತಿಳಿದುಕೊಂಡದ್ದು.

“ಬಾರ್ ನನಗೆ ಇಷ್ಟ ಇಲ್ಲ, ಅದು ಬೇರೆ. ಅವನಲ್ಲಿ ಕೆಲಸಕ್ಕಿದ್ದ ಅಡುಗೆಯವನ ತಂದೆ ತೀರಿಕೊಂಡಾಗ ಆವತ್ತು ಶನಿವಾರ, ಗಿರಾಕಿ ಜಾಸ್ತಿ ಅಂತ ಇವನು ಊರಿಗೆ ಕಳಿಸಲಿಲ್ಲ. ಮಾರನೇ ದಿನ ಕಳಿಸಿದ. ಅಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.”

ಅಮ್ಮ ಫೋನನ್ನು ಎಲ್ಲಿಗೋ ಒರಗಿಸಿಟ್ಟಳು. ಪರದೆಯಲ್ಲಿ ಈಗ ಇಬ್ಬರೂ ಕಂಡರು.

“ನಾನು ಹತ್ತನೇ ಕ್ಲಾಸಿನಲ್ಲಿರುವಾಗ ನನ್ನ ಅಮ್ಮ ಸತ್ತದ್ದು,” ಎಂದರು ಅಪ್ಪ. “ಮಧ್ಯಾಹ್ನ. ಸಂಜೆ ನಿನ್ನ ಅಜ್ಜ ಸೊಂಟಕ್ಕೆ ಕತ್ತಿ ಕಟ್ಟಿ ಮರ ಹತ್ತಿದರು. ಒಂದು ಹೊತ್ತು ಹೊಂಬಾಳೆ ಕೆತ್ತದೆ ಬಿಟ್ಟರೆ ಒಣಗಿ ಹೋಗ್ತದೆ, ಮತ್ತೆ ಅದು ಕೊಡುವುದಿಲ್ಲ. ಹನ್ನೊಂದು ಮರ. ಜನ ಅಂಗಳದಲ್ಲಿ ಕೂತಿದ್ದಾರೆ, ಇವರು ಮರದ ಮೇಲೆ. ನಾನು ಆವತ್ತು ಅವರ ಮುಖ ನೋಡಲಿಲ್ಲ. ಆಮೇಲೂ ತುಂಬ ಸಮಯ ನೋಡಲಿಲ್ಲ.”

ನಾನು ಫೋನನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಮೇಷ್ಟ್ರ ಕೆಲಸಕ್ಕೆ ಯಾಕೆ ಹೋದದ್ದು ಅಂತ ಎಲ್ಲರೂ ಕೇಳ್ತಿದ್ದರು. ಮೇಷ್ಟ್ರಿಗೆ ಭಾನುವಾರ ಇರ್ತದೆ. ಅದಕ್ಕೇ ಹೋದದ್ದು.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡಾಗ ಹೆಡ್‌ಮಾಸ್ಟರು ಮರಳಿ ಬಂದಿದ್ದರು.

“ನೀನು ಕುಡಿಯುತ್ತೀಯಾ?”

“ಇಲ್ಲ ಅಪ್ಪ. ಕೆಲಸದಲ್ಲಿ ರುಚಿ ನೋಡಿ ಉಗುಳುತ್ತೇವೆ.”

“ಉಗುಳಲಿಕ್ಕೆ ಅಷ್ಟು ದೂರ ಹೋದದ್ದಾ?”

ಈ ಸಲ ಅಮ್ಮನ ಜೊತೆ ನಾನೂ ನಕ್ಕೆ. ಅಪ್ಪ ಮುಗುಳ್ನಗೆಯನ್ನು ತಡೆಯಲು ನೋಡಿ, ಆಗದೆ, ಗಡಿಯಾರದ ಕಡೆ ತಿರುಗಿದರು.

“ಆ ಕಂಪನಿಯಲ್ಲಿ ರಜೆ ಹೇಗೆ?”

ಗೊತ್ತಿರಲಿಲ್ಲ. ಎರಡನೆಯ ಪುಟಕ್ಕೇ ಹೋಗಿಲ್ಲ ಎಂದು ಒಪ್ಪಿಕೊಂಡೆ.

“ಓದದೆ ಸಹಿ ಹಾಕಬೇಡ. ರಜೆಯದ್ದು ಎಲ್ಲಿ ಬರೆದಿದ್ದಾರೆ ನೋಡು. ಸರಿಯಾಗಿ ಇದ್ದರೆ ಹಾಕು,” ಎಂದರು. ಬೇಡ ಎನ್ನುವುದಕ್ಕೆ ಅವರಿಗಿರಬಹುದಾದ ಕಾರಣ ರಜೆ ಒಂದೇ.

ಫೋನಿಟ್ಟು, ಬಾಟಲಿಯನ್ನೂ ಟವೆಲನ್ನೂ ಎತ್ತಿಕೊಂಡು ಮೆಟ್ಟಿಲಿಳಿದೆ. ಹಸಿವಾಗಿತ್ತು. ಎಷ್ಟೋ ಭಾನುವಾರಗಳಿಂದ ಸಂಜೆಯ ಹಸಿವೇ ಗೊತ್ತಿರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಮದಾಮ್ ಈರುಳ್ಳಿಯ ತಿಂಡಿಯನ್ನು ಒಲೆಯಿಂದ ಹೊರತೆಗೆಯುತ್ತಿದ್ದರು. ನನ್ನ ಕೈಯಲ್ಲಿದ್ದ ನೀಲಿ ಮುಚ್ಚಳದ ಬಾಟಲಿ, ಒದ್ದೆ ಟವೆಲು ನೋಡಿ ಅವರಿಗೆ ಎಲ್ಲವೂ ಅರ್ಥವಾಯಿತು. ಜಾನೆಟ್ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದರು.

“ಅಷ್ಟು ಓದಿದವಳು ಹೀಗೆ ಮಾಡಿದಳಾ ಅಂತ ಕೇಳ್ತಿದ್ದಾರೆ,” ಎಂದಳು ಜಾನೆಟ್. “ನನಗೂ ಅದೇ ಪ್ರಶ್ನೆ, ಲವ್.”

“ನಮ್ಮ ಅಜ್ಜ ಇದೇ ಕೆಲಸ ಮಾಡುತ್ತಿದ್ದರು, ತೆಂಗಿನ ಮರದಿಂದ ಎಂದು ಅವರಿಗೆ ಹೇಳು,” ಎಂದೆ. “ಕೃಷಿ ಅಂದದ್ದು ಸರಿಯಲ್ಲ.”

ಜಾನೆಟ್ ತನ್ನ ಹರಕು ಫ್ರೆಂಚಿನಲ್ಲಿ ಹೇಳಿದಳು. ಮರ ಎಷ್ಟು ಎತ್ತರ ಎಂದು ಮದಾಮ್ ಕೇಳಿದರು. ನಾನು ಕಿಟಕಿಯಿಂದ ಎದುರು ಮನೆಯ ಮಾಡನ್ನು ತೋರಿಸಿದೆ. ಅವರು ಮಾಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಒಂದು ದೊಡ್ಡ ತುಂಡನ್ನು ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು. ಆ ಸಂಜೆ ಅರ್ಧ ಲೋಟ ಕುಡಿದೆ. ಉಗುಳಲಿಲ್ಲ. ಸಿಹಿ, ನಾಲಿಗೆಯ ತುದಿಗೆ ಸಣ್ಣ ಕಡಿತ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಎದ್ದೆ. ಜಾನೆಟ್ ಏಳುವ ಮೊದಲು ಕಿಟಕಿಯ ಬಳಿ ಕೂತು ಕರಾರುಪತ್ರವನ್ನು ಮೊದಲ ಪುಟದಿಂದ ಓದಿದೆ. ರಜೆಯ ವಿಷಯ ಹನ್ನೊಂದನೆಯ ಪುಟದಲ್ಲಿತ್ತು. ವರ್ಷಕ್ಕೆ ಇಪ್ಪತ್ತೈದು ದಿನ, ಸರ್ಕಾರಿ ರಜೆಗಳು ಬೇರೆ. ಅದರ ಕೆಳಗೆ ಕಂಪ್ಯಾಷನೇಟ್ ಲೀವ್ ಎಂದು ಒಂದು ಚಿಕ್ಕ ಪ್ಯಾರಾ. ಅದನ್ನು ಅಪ್ಪನಿಗೆ ಕನ್ನಡದಲ್ಲಿ ಬರೆಯಲು ಕೂತೆ. ಅನುಕಂಪದ ರಜೆ ಎಂದು ಬರೆದು ಅಳಿಸಿದೆ. ಯಾರೋ ದಯೆ ತೋರಿಸಿ ಕೊಟ್ಟ ಹಾಗೆ ಕೇಳಿಸಿತು. ಸೂತಕದ ರಜೆ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಹೆಸರು ಬಿಟ್ಟು ವಿಷಯ ಮಾತ್ರ ಬರೆದೆ: “ಮನೆಯಲ್ಲಿ ಸಾವಾದರೆ ಐದು ದಿನ. ಸಂಬಳ ಕಡಿಯುವುದಿಲ್ಲ. ಕೇಳಿಕೊಳ್ಳಬೇಕಾಗಿಲ್ಲ, ತಿಳಿಸಿದರೆ ಸಾಕು.”

ಕಳಿಸಿದೆ. ಊರಿನಲ್ಲಿ ಹತ್ತು ಗಂಟೆ ದಾಟಿತ್ತು. ಓದಿದ ಗುರುತಿನ ಎರಡು ನೀಲಿ ಗೀಟುಗಳು ಕೂಡಲೇ ಬಂದವು. ಉತ್ತರ ಬರಲು ಸ್ವಲ್ಪ ಹೊತ್ತಾಯಿತು.

“ಸಾಕು,” ಎಂದಿತ್ತು.

ಕರಾರುಪತ್ರದ ಕೊನೆಯ ಪುಟಕ್ಕೆ ಹೋಗಿ, ಪರದೆಯ ಮೇಲೆ ಬೆರಳಿನಿಂದ ಸಹಿ ಹಾಕಿದೆ.